ಹುಗ್ಗಿಯ ಮೊದಲ ಬೇಸಿಗೆ

"ಇದರ ಮೈಮ್ಯಾಲಿನ ಕೂದಲ ತೆಗಿಸಿಬಿಡವಾ, ಪಾಪ, ಜೀವ ಕುದ್ದು ಹೋಗತೈತಿ" ಅಂತ ಅವ್ವ ಮಾರ್ಚ್ ತಿಂಗಳಿಡೀ ಹೇಳಿದಳು. ಅವಳೊಬ್ಬಳೇ ಅಲ್ಲ, ಪಕ್ಕದ ಮನೆಯವರು, ಹಾಲಿನವನು, ಮನೆಗೆ ಬಂದ ನೆಂಟರು, ಎಲ್ಲರದ್ದೂ ಅದೇ ಮಾತು. ರಾಯಚೂರಿನ ಬಿಸಿಲಿಗೆ ಗೋಲ್ಡನ್ ರಿಟ್ರೀವರ್ ನಾಯಿ ತಂದವರಿಗೆ ಈ ಮಾತು ತಪ್ಪಿದ್ದಲ್ಲ. ನಾವು ತೆಗೆಸಲಿಲ್ಲ. ಯಾಕೆ ತೆಗೆಸಲಿಲ್ಲ, ಬದಲಿಗೆ ಏನು ಮಾಡಿದೆವು ಅನ್ನೋದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನಮ್ಮ ಕಡೆ ಈ ತಳಿ ಸಾಕುವವರು ಈಗ ಜಾಸ್ತಿ ಆಗುತ್ತಿದ್ದಾರೆ, ಆದರೆ ನಮ್ಮ ಊರಿನ ಬಿಸಿಲಿಗೆ ಹೇಗೆ ಸಾಕಬೇಕು ಅಂತ ಕನ್ನಡದಲ್ಲಿ ಹೇಳುವವರು ನನಗಂತೂ ಯಾರೂ ಸಿಗಲಿಲ್ಲ.

ಈ ನಾಯಿ ನಮ್ಮ ಸೀಮೆಯದ್ದಲ್ಲ. ಸ್ಕಾಟ್ಲೆಂಡಿನ ಬೆಟ್ಟದ ನಾಡಿನಲ್ಲಿ, ಮುಂದೆ ಲಾರ್ಡ್ ಟ್ವೀಡ್‌ಮೌತ್ ಅನಿಸಿಕೊಂಡ ಜಮೀನ್ದಾರರೊಬ್ಬರು ಹಳದಿ ಬಣ್ಣದ ರಿಟ್ರೀವರ್ ಗಂಡಿಗೂ ಟ್ವೀಡ್ ವಾಟರ್ ಸ್ಪ್ಯಾನಿಯಲ್ ಹೆಣ್ಣಿಗೂ ಕೂಡಿಸಿ 1868ರಲ್ಲಿ ಮರಿ ಮಾಡಿಸಿದರು. ಆ ಮರಿಗಳಿಂದ ಬೆಳೆದ ತಳಿ ಇದು. ಬೇಟೆಯಲ್ಲಿ ಹೊಡೆದ ಹಕ್ಕಿ ತಣ್ಣನೆ ಕೆರೆಯಲ್ಲಿ ಬಿದ್ದರೆ ಈಜಿ ಹೋಗಿ ಬಾಯಲ್ಲಿ ಹಿಡಿದು ತರೋದು ಅವುಗಳ ಕೆಲಸ. ಅದಕ್ಕೇ ಮೈಮೇಲೆ ಎರಡು ಪದರ ಕೂದಲು. ಹೊರಗಿನದ್ದು ಉದ್ದ, ನೀರು ಜಾರುತ್ತದೆ. ಒಳಗಿನದ್ದು ಅರಳೆಯ ಹಾಗೆ ಮೆತ್ತಗೆ, ದಟ್ಟ. ನಾನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು, ಹಾಗಾಗಿ ಅರಳೆ ಅಂತ ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಕೈಯಲ್ಲಿ ಹಿಡಿದರೆ ನಿಜವಾಗಿ ಹಾಗೇ ಇರುತ್ತದೆ.

ಮರಿ ಬಂದಿದ್ದು ನವೆಂಬರ್‌ನಲ್ಲಿ, ದೀಪಾವಳಿ ಮುಗಿದ ಮೇಲೆ. ತಮ್ಮನ ಗೆಳೆಯನ ಮನೆ ಹೈದರಾಬಾದಿನಲ್ಲಿ, ಅವರ ನಾಯಿ ಹಾಕಿದ ಮರಿ. ಎರಡು ತಿಂಗಳು ತುಂಬುವ ತನಕ ತಾಯಿ ಹತ್ತಿರವೇ ಬಿಡ್ರಿ ಅಂತ ಕೇಳಿಕೊಂಡಿದ್ದೆವು. ಒಂದು ತಿಂಗಳಿಗೇ ಮರಿ ಕೊಡುವವರಿದ್ದಾರೆ, ತರಲೇಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಅನ್ನೋದನ್ನೂ ಮರಿಗಳು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ ಕಲಿಯುತ್ತವೆ. ಹೋದಾಗ ತಾಯಿ ನಾಯಿಯನ್ನೂ ನೋಡಿದೆವು. ಸರಿಯಾಗಿ ನಡೆಯುತ್ತದಾ, ಕುಂಟುತ್ತದಾ, ಹೊಸಬರನ್ನು ಕಂಡರೆ ಹೆದರುತ್ತದಾ ಅಂತ. ಈ ತಳಿಯಲ್ಲಿ ಸೊಂಟದ ಕೀಲಿನ ತೊಂದರೆ ತಾಯಿ ತಂದೆಯಿಂದ ಬರಬಹುದು.

ಮನೆಗೆ ಬಂದ ದಿನ ಅವ್ವ ಗೋಧಿ ಹುಗ್ಗಿ ಮಾಡಿದ್ದಳು. ಪಾತ್ರೆಯೊಳಗಿನ ಬಣ್ಣವೂ ಮರಿಯ ಬಣ್ಣವೂ ಒಂದೇ. ಅಪ್ಪನೇ "ಹುಗ್ಗಿ" ಅಂತ ಕರೆದರು, ಅದೇ ಹೆಸರಾಯಿತು.

ಮೊದಲ ಹದಿನೈದು ದಿನ ಯಾರಿಗೂ ನಿದ್ದೆ ಇಲ್ಲ. ರಾತ್ರಿ ಅಳುತ್ತಿದ್ದಳು. ಮರಿಯನ್ನು ಹೊರಗೆ ಕಟ್ಟಿ, ಅತ್ತು ಅತ್ತು ತಾನೇ ಸುಮ್ಮನಾಗುತ್ತದೆ ಅಂತ ಬಿಡುವ ರೂಢಿ ನಮ್ಮ ಕಡೆ ಇದೆ. ನನಗೆ ಅದು ಮನಸ್ಸಿಗೆ ಬರಲಿಲ್ಲ. ನನ್ನ ಹಾಸಿಗೆ ಪಕ್ಕ ಒಂದು ರಟ್ಟಿನ ಡಬ್ಬಿ ಇಟ್ಟು, ಅವ್ವನ ಹಳೆ ಸೀರೆ ಹಾಸಿ, ಕೈ ಇಳಿಬಿಟ್ಟು ಮಲಗುತ್ತಿದ್ದೆ. ನನ್ನ ಬೆರಳು ಮೂಗಿಗೆ ತಾಗಿದರೆ ಸಾಕು, ಸುಮ್ಮನಾಗುತ್ತಿದ್ದಳು. ಎರಡು ತಿಂಗಳ ಮರಿ ಉಚ್ಚೆ ತಡೆಯೋದು ಹೆಚ್ಚಂದರೆ ಮೂರು ಗಂಟೆ. ಹಾಗಾಗಿ ಹನ್ನೊಂದಕ್ಕೆ ಒಂದು ಸಲ, ಎರಡಕ್ಕೆ ಒಂದು ಸಲ, ಐದಕ್ಕೆ ಒಂದು ಸಲ ಎತ್ತಿಕೊಂಡು ಹಿತ್ತಲ ಬೇವಿನ ಮರದ ಬುಡಕ್ಕೆ. ಯಾವಾಗಲೂ ಅದೇ ಜಾಗ. ಮಾಡಿದ ಕೂಡಲೇ ಹೊಗಳಿ ಬಾಯಿಗೆ ಒಂದು ಚೂರು ಬೇಯಿಸಿದ ಕೋಳಿ. ಒಳಗೆ ಮಾಡಿಕೊಂಡರೆ ಬೈಯಲಿಲ್ಲ, ಮೂಗು ತಿಕ್ಕಲಿಲ್ಲ, ಒರೆಸಿದೆವು ಅಷ್ಟೇ. ಒರೆಸಲು ಫಿನಾಯಿಲ್ ಬೇಡ ಅಂತ ಡಾಕ್ಟರ್ ಹೇಳಿದ್ದರು, ಮರಿ ನೆಲ ನೆಕ್ಕುತ್ತದೆ, ಅದು ವಿಷ. ವಿನೆಗರ್ ಬೆರೆಸಿದ ನೀರು ಸಾಕಾಯಿತು. ಜನವರಿ ಮುಗಿಯುವಷ್ಟರಲ್ಲಿ ತಾನೇ ಹಿತ್ತಲ ಬಾಗಿಲಿಗೆ ಹೋಗಿ ಕೂರೋದು ಕಲಿತಳು.

ಇಂಜೆಕ್ಷನ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಂಟು ವಾರಕ್ಕೆ ಮೊದಲನೆಯದ್ದು, ಆಮೇಲೆ ನಾಲ್ಕು ವಾರಕ್ಕೊಂದರಂತೆ ಇನ್ನೆರಡು, ಕೊನೆಯದ್ದರ ಜೊತೆ ರೇಬಿಸ್‌ದೂ. ಜಂತು ಔಷಧಿ ಮೊದಮೊದಲು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ. ಇಂಜೆಕ್ಷನ್ ಎಲ್ಲ ಮುಗಿಯುವ ತನಕ ಬೀದಿಯಲ್ಲಿ ಬಿಡಬೇಡಿ, ಪಾರ್ವೋ ಅನ್ನುವ ವೈರಸ್ ರೋಗ ಬಂದರೆ ಮರಿ ಎರಡು ಮೂರು ದಿನದಲ್ಲಿ ಹೋಗಿಬಿಡಬಹುದು. ಆದರೆ ಜಗತ್ತು ತೋರಿಸೋದನ್ನು ನಿಲ್ಲಿಸಬಾರದು. ಮೂರೂವರೆ ತಿಂಗಳೊಳಗೆ ಏನನ್ನು ನೋಡಿ ಅಭ್ಯಾಸ ಆಗುತ್ತದೋ ಅದಕ್ಕೆ ಮುಂದೆ ಹೆದರಿಕೆ ಕಡಿಮೆ. ಹಾಗಾಗಿ ಅವಳನ್ನು ಎತ್ತಿಕೊಂಡೇ ಓಡಾಡಿದೆ. ತೀನ್ ಕಂದಿಲ್ ಸರ್ಕಲ್ಲಿನ ಗದ್ದಲ, ಮಾವಿನಕೆರೆ ದಂಡೆ, ಮಿಲ್ಲಿಗೆ ಬರುವ ಹತ್ತಿ ಲಾರಿಗಳ ಹಾರ್ನ್, ಬುರ್ಖಾ ಹಾಕಿದವರು, ಹೆಲ್ಮೆಟ್ ಹಾಕಿದವರು, ಬ್ಯಾಂಡು, ಎಲ್ಲ ನನ್ನ ತೋಳಲ್ಲಿ ಕೂತೇ ನೋಡಿದಳು.

ಊಟದಲ್ಲಿ ನಾವು ಶುರುವಿಗೇ ಒಂದು ತಪ್ಪು ಮಾಡಿದೆವು. ಹಾಲು ಅನ್ನ, ಹಾಲು ರೊಟ್ಟಿ. ಮೂರನೇ ದಿನಕ್ಕೆ ಭೇದಿ. ದನದ ದವಾಖಾನೆ ಡಾಕ್ಟರ್ ನಗುತ್ತಲೇ ಹೇಳಿದರು, "ಹಾಲು ಇದಕ್ಕ ಅರಗಂಗಿಲ್ರಿ. ಅಲ್ಲಿ ಏನ್ ತಿಂತಿತ್ತೋ ಅದನ್ನ ಒಂದು ವಾರ ಕೊಡ್ರಿ, ಆಮ್ಯಾಲೆ ಸಾವಕಾಶ ಬದಲ್ ಮಾಡ್ರಿ." ದೊಡ್ಡ ತಳಿ ಮರಿಗಳ ಆಹಾರ ದಿನಕ್ಕೆ ನಾಲ್ಕು ಸಲ, ನಾಲ್ಕು ತಿಂಗಳಾದ ಮೇಲೆ ಮೂರು ಸಲ, ಆರು ತಿಂಗಳಿಂದ ಎರಡು ಸಲ. ಬೇಗ ಬೆಳೆಯಲಿ ಅಂತ ಕ್ಯಾಲ್ಸಿಯಂ ಟಾನಿಕ್ ತರಲು ಹೊರಟಿದ್ದೆ, ಅವರೇ ತಡೆದರು. ದೊಡ್ಡ ತಳಿ ನಿಧಾನಕ್ಕೆ ಬೆಳೆಯಬೇಕು, ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಕೆಡುತ್ತದೆ. ಅದೇ ಕಾರಣಕ್ಕೆ ಮೆಟ್ಟಿಲು ಹತ್ತಿಸೋದು, ಮೇಲಿಂದ ನೆಗೆಸೋದು ವರ್ಷ ತುಂಬುವ ತನಕ ಬೇಡ ಅಂದರು. ಪಡಸಾಲೆಯ ನುಣುಪು ಟೈಲ್ಸ್ ಮೇಲೆ ಅವಳ ಹಿಂಗಾಲು ಎರಡೂ ಕಡೆ ಜಾರುತ್ತಿದ್ದವು, ಅಲ್ಲಿ ಜಮಖಾನ ಹಾಸಿದೆವು.

ನಮ್ಮ ಅಡುಗೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ್ದು ಏನಿದೆ? ಎರಡೂ ನಾಯಿಗೆ ಆಗುವುದಿಲ್ಲ, ರಕ್ತ ಕೆಡಿಸುತ್ತವೆ. ಹಾಗಾಗಿ ಹುಗ್ಗಿಗೆ ಅಂತಲೇ ಬೇರೆ ಬೋಗುಣಿ ಆಯಿತು. ಯುಗಾದಿಗೆ ಅವ್ವ ಮತ್ತೆ ಹುಗ್ಗಿ ಮಾಡಿದಾಗ "ಇದರ ಹೆಸರಿನ ಅಡಿಗಿ, ಒಂದು ತುತ್ತು ಇಡ್ತೀನಿ" ಅಂತ ಬಟ್ಟಲು ಹಿಡಿದು ಬಂದಳು. ಅದರಲ್ಲಿ ಒಣದ್ರಾಕ್ಷಿ ಇತ್ತು. ದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ನಿಲ್ಲಿಸಬಹುದು ಅಂತ ಹೇಳಿದಾಗ ಅವ್ವ ಬಟ್ಟಲು ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತುಬಿಟ್ಟಳು. ಅವತ್ತಿಂದ ಮನೆಗೆ ಬಂದವರ ಕೈ ಮೇಲೆ ಕಣ್ಣಿಡುವವಳು ಅವಳೇ.

ಕಚ್ಚಾಟದ ಬಗ್ಗೆ ತುಂಬಾ ಜನ ಹೆದರುತ್ತಾರೆ. ಮೂರೂವರೆ ತಿಂಗಳಿಂದ ಹಾಲುಹಲ್ಲು ಉದುರಿ ಬೇರೆ ಹಲ್ಲು ಬರುತ್ತವೆ, ಒಸಡು ಕೆರೆಯುತ್ತದೆ, ಸಿಕ್ಕಿದ್ದೆಲ್ಲ ಬಾಯಿಗೆ. ನನ್ನ ಚೂಡಿದಾರದ ಅಂಚು, ಅಪ್ಪನ ಪಂಚೆ, ತಮ್ಮನ ಹಿಮ್ಮಡಿ. ಹೊಡೆಯೋದರಿಂದ ಏನೂ ಆಗಲಿಲ್ಲ, ಕೈ ಕಂಡರೆ ಮುದುಡುವ ಹಾಗಾಯಿತು ಅಷ್ಟೇ. ಒಂದೇ ದಿನ ಒಂದೇ ಏಟು ತಮ್ಮ ಕೊಟ್ಟಿದ್ದು, ಅವಳ ಕಿವಿ ಹಿಂದಕ್ಕೆ ಹೋಗಿದ್ದು ನೋಡಿ ಅವನೇ ಅತ್ತುಬಿಟ್ಟ. ಆಮೇಲೆ ನಾವು ಮಾಡಿದ್ದು ಇಷ್ಟು: ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ, ಮಾತಾಡದೆ ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳೋದು. ಒಂದು ನಿಮಿಷ ಬಿಟ್ಟು ಹೊರಗೆ ಬಂದು ಕೈಗೆ ಬದಲು ಗಜ್ಜರಿ ಕೊಡೋದು. ಇಲ್ಲಾ ಅಂದ್ರೆ ಒದ್ದೆ ಬಟ್ಟೆ ಗಂಟು ಕಟ್ಟಿ ಫ್ರಿಜ್ಜಿನಲ್ಲಿಟ್ಟದ್ದು. ನಾಲ್ಕೂ ಜನ ಹಾಗೇ ಮಾಡಿದ್ದಕ್ಕೆ ಫಲ ಸಿಕ್ಕಿತು. ಒಬ್ಬರು ಆಡಿಸಿ ಒಬ್ಬರು ಬೈದರೆ ಅದಕ್ಕೇನು ಗೊತ್ತಾಗಬೇಕು, ಅಲ್ವಾ?

ಮಾತಿನ ವಿಷಯದಲ್ಲೂ ಹಾಗೇ ಆಗಿತ್ತು. ತಮ್ಮ "ಸಿಟ್" ಅನ್ನುತ್ತಿದ್ದ, ನಾನು "ಕೂತ್ಕೋ" ಅನ್ನುತ್ತಿದ್ದೆ, ಅಪ್ಪ "ಕುಂದ್ರು", ಅವ್ವ "ಕುಂದರವಾ ನಮ್ಮವ್ವ". ಮರಿ ನಾಲ್ಕೂ ಮುಖ ನೋಡುತ್ತಾ ತಲೆ ಓರೆ ಮಾಡುತ್ತಿತ್ತು. ಒಂದು ಭಾನುವಾರ ಕೂತು ಮಾತಾಡಿ ಆರು ಮಾತು ಗಟ್ಟಿ ಮಾಡಿಕೊಂಡೆವು: ಬಾ, ಕುಂದ್ರು, ಬಿಡು, ನಿಲ್ಲು, ತಾ, ಸಾಕು. ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ, ಹೊಟ್ಟೆ ಹಸಿದಾಗ. ಮೂಗಿನ ಹತ್ತಿರ ಕೋಳಿ ಚೂರು ಹಿಡಿದು ನಿಧಾನಕ್ಕೆ ಮೇಲೆತ್ತಿದರೆ ತಲೆ ಮೇಲಕ್ಕೆ ಹೋಗಿ ಹಿಂಭಾಗ ತಾನೇ ಕೆಳಗೆ ಕೂರುತ್ತದೆ, ಆ ಕ್ಷಣಕ್ಕೆ "ಕುಂದ್ರು" ಅನ್ನಬೇಕು, ಕೊಡಬೇಕು. ಎರಡು ದಿನದಲ್ಲಿ ಕಲಿತಳು. "ಬಾ" ಕಲಿಸಲು ಎರಡು ತಿಂಗಳು ಹಿಡಿಯಿತು, ಮತ್ತು ಅದೇ ಎಲ್ಲಕ್ಕಿಂತ ಮುಖ್ಯ. ಬಾ ಅಂತ ಕರೆದು ಯಾವತ್ತೂ ಬೈಯಬೇಡಿ, ಸ್ನಾನಕ್ಕೆ ಹಾಕಬೇಡಿ, ಔಷಧಿ ಕುಡಿಸಬೇಡಿ. ಅಂಥ ಕೆಲಸ ಇದ್ದರೆ ನೀವೇ ಎದ್ದು ಹೋಗಿ ಕರೆದುಕೊಂಡು ಬನ್ನಿ. ಆ ಮಾತು ಕೇಳಿದರೆ ಅವಳಿಗೆ ಒಳ್ಳೇದೇ ನೆನಪಾಗಬೇಕು.

ಇನ್ನು ಕೂದಲು. ಫೆಬ್ರವರಿ ಹೊತ್ತಿಗೆ ಮರಿಯ ತುಪ್ಪಳ ಉದುರಿ ದೊಡ್ಡ ಕೂದಲು ಬರಲು ಶುರುವಾಯಿತು. ಮಾರ್ಚ್‌ನಲ್ಲಿ ಬಿಸಿಲು ಏರಿದಂತೆ ಅವ್ವನ ಸಂಕಟವೂ ಏರಿತು. ಕೊನೆಗೆ ಡಾಕ್ಟರ್ ಹತ್ತಿರ ಅವ್ವನನ್ನೇ ಕರೆದುಕೊಂಡು ಹೋದೆ. ಅವರು ಕೇಳಿದರು, "ಯವ್ವಾ, ಬ್ಯಾಸಿಗ್ಯಾಗ ಕುರಿ ಕಾಯೋರು ಕಂಬಳಿ ಯಾಕ ಹೊರ್ತಾರ?" ಅವ್ವನಿಗೆ ತಕ್ಷಣ ಗೊತ್ತಾಯಿತು. ಅವಳ ತವರು ಮಾನ್ವಿ ಕಡೆ, ಸುಡುಬಿಸಿಲಲ್ಲಿ ತಲೆ ಮೇಲೆ ಕಂಬಳಿ ಕೊಪ್ಪೆ ಹಾಕಿ ನಿಂತ ಕುರುಬರನ್ನು ನೋಡಿಯೇ ಬೆಳೆದವಳು. ಹೊರಗಿನ ಕೂದಲು ಬಿಸಿಲನ್ನು ಚರ್ಮಕ್ಕೆ ತಾಗಲು ಬಿಡುವುದಿಲ್ಲ. ನುಣ್ಣಗೆ ಬೋಳಿಸಿದರೆ ಚರ್ಮ ಸುಡುತ್ತದೆ, ಮತ್ತೆ ಬೆಳೆಯುವಾಗ ಒಳಗಿನ ಅರಳೆಯೇ ಮೊದಲು ಬಂದು ಹೊರಗಿನದ್ದು ಅಲ್ಲಲ್ಲಿ ಸರಿಯಾಗಿ ಬಾರದೆಯೂ ಹೋಗಬಹುದು. ತೆಗೆಯಬೇಕಾದ್ದು ಒಳಗೆ ಉದುರಿ ಸಿಕ್ಕಿಕೊಂಡ ಸತ್ತ ಕೂದಲನ್ನು, ಗಾಳಿ ಆಡದ ಹಾಗೆ ಮಾಡೋದು ಅದೇ. ಪಾದದ ಬೆರಳ ಸಂದಿ, ಕಿವಿಯ ಕೆಳಗೆ, ಗುದದ ಸುತ್ತ ಸ್ವಲ್ಪ ಕತ್ತರಿಸಬಹುದು, ಅಷ್ಟೇ.

ಅವತ್ತಿಂದ ರಾತ್ರಿ ಎಂಟಕ್ಕೆ ನಾನೂ ಹುಗ್ಗಿಯೂ ಹಿತ್ತಲ ಪರ್ಸಿ ಕಲ್ಲಿನ ಮೇಲೆ. ಮೂರು ಸಾಮಾನು: ಸಣ್ಣ ತಂತಿ ಹಲ್ಲಿನ ಸ್ಲಿಕರ್ ಬ್ರಷ್, ಒಳಕೂದಲು ಎಳೆಯುವ ಅಗಲ ಹಲ್ಲಿನ ರೇಕ್, ಒಂದು ಸ್ಟೀಲ್ ಹಣಿಗೆ. ಮೇಲೆ ಮೇಲೆ ಬಾಚಿದರೆ ಹೊಳೆಯುತ್ತದೆ, ಆದರೆ ಒಳಗೆ ಗಂಟು ಹಾಗೇ ಇರುತ್ತದೆ. ಎಡಗೈಯಿಂದ ಕೂದಲನ್ನು ಮೇಲಕ್ಕೆ ಮಡಚಿ ಹಿಡಿದರೆ ಚರ್ಮದ ಗೆರೆ ಕಾಣುತ್ತದೆ, ಗುಲಾಬಿ ಬಣ್ಣ. ಆ ಗೆರೆಯಿಂದ ಹೊರಗೆ, ಒಂದು ಬೆರಳಗಲ ಬಾಚಿ, ಮತ್ತೆ ಒಂದು ಬೆರಳಗಲ ಕೆಳಗೆ ಬಿಟ್ಟು, ಮತ್ತೆ ಬಾಚಬೇಕು. ಗಂಟು ಕಟ್ಟುವ ಜಾಗಗಳು ನಾಲ್ಕೇ: ಕಿವಿಯ ಹಿಂದೆ, ಕಂಕುಳು, ಹಿಂದೊಡೆ, ಬಾಲದ ಬುಡ. ಗಂಟು ಸಿಕ್ಕಿದರೆ ಚರ್ಮದ ಕಡೆಯ ಬುಡವನ್ನು ಎರಡು ಬೆರಳಲ್ಲಿ ಗಟ್ಟಿ ಹಿಡಿದು, ಹಣಿಗೆಯ ತುದಿಯಿಂದ ಹೊರಗಿನ ಅಂಚಿನಿಂದ ಬಿಡಿಸುತ್ತಾ ಬರಬೇಕು, ಆಗ ಎಳೆತ ನಿಮ್ಮ ಬೆರಳಿಗೆ ಬರುತ್ತದೆ, ಅವಳಿಗೆ ಬರುವುದಿಲ್ಲ. ಕತ್ತರಿ ಹಾಕಬೇಡಿ, ಗಂಟಿನ ಜೊತೆ ಚರ್ಮವೂ ಎದ್ದು ಬಂದಿರುತ್ತದೆ. ಮೊದಲ ವಾರ ಹುಗ್ಗಿ ಬ್ರಷ್ಷನ್ನೇ ಕಚ್ಚುತ್ತಿದ್ದಳು. ಹತ್ತು ಎಳೆತಕ್ಕೆ ಒಂದು ಚೂರು ಕೋಳಿ ಕೊಡುತ್ತಾ ಹೋದೆ. ಈಗ ರೇಕ್ ಕೈಗೆತ್ತಿಕೊಂಡರೆ ತಾನೇ ಬಂದು ಮಗ್ಗುಲಾಗುತ್ತಾಳೆ. ಮಾರ್ಚ್ ಕೊನೆಯಲ್ಲಿ ಒಂದೇ ರಾತ್ರಿ ಅರ್ಧ ಬುಟ್ಟಿ ಕೂದಲು ಬಂತು. ಅಪ್ಪ ಕೈಯಲ್ಲಿ ಹಿಡಿದು ಎಳೆದು ನೋಡಿ, "ಎಳಿ ಗಿಡ್ಡ, ಆದ್ರ ಹತ್ತಿ ಚಲೋ ಐತಿ" ಅಂದರು.

ಸ್ನಾನ ತಿಂಗಳಿಗೊಂದು, ನಾಯಿಗಳ ಶಾಂಪೂವಿನಲ್ಲಿ. ನಮ್ಮ ಶಾಂಪೂ ಅವುಗಳ ಚರ್ಮಕ್ಕೆ ಒಗ್ಗುವುದಿಲ್ಲ. ಸ್ನಾನಕ್ಕೆ ಮೊದಲು ಬಾಚಲೇಬೇಕು, ಗಂಟು ನೆಂದರೆ ಇನ್ನೂ ಬಿಗಿಯಾಗುತ್ತದೆ. ಆಮೇಲೆ ಬುಡದ ತನಕ ಒಣಗಿಸಬೇಕು. ಒಳಗೆ ತೇವ ಉಳಿದರೆ ನಮ್ಮ ಸೆಕೆಗೆ ಒಂದೇ ರಾತ್ರಿಯಲ್ಲಿ ಕೆಂಪು ಹುಣ್ಣಾಗುತ್ತದೆ. ಉಗುರು ತುದಿ ಮಾತ್ರ. ಒಂದು ಸಲ ಒಳಗಿನ ನರಕ್ಕೆ ತಾಗಿ ರಕ್ತ ಬಂತು, ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ, ನಿಂತಿತು.

ಏಪ್ರಿಲ್ ಮೂರನೇ ವಾರದ ಒಂದು ಸಂಜೆ ಬರೆಯದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಆರು ಗಂಟೆ. ಬಿಸಿಲು ಇಳಿದಿತ್ತು. ಹುಗ್ಗಿ ಬಾಗಿಲಲ್ಲಿ ಕುಣಿಯುತ್ತಿದ್ದಳು. "ಹೋಗಿ ಬಾ, ಈಗ ತಂಪಾತು" ಅಂತ ತಮ್ಮನಿಗೆ ನಾನೇ ಹೇಳಿದೆ. ಇಪ್ಪತ್ತು ನಿಮಿಷಕ್ಕೆ ಅವನು ಎತ್ತಿಕೊಂಡು ಓಡಿ ಬಂದ. ಹದಿನೆಂಟು ಕೆಜಿ ನಾಯಿಯನ್ನು ಎದೆಗೆ ಅವಚಿಕೊಂಡು. ನಾಲಿಗೆ ಅಗಲವಾಗಿ ಹೊರಗೆ ಬಿದ್ದಿತ್ತು, ಒಸಡು ಕುಂಕುಮದ ಹಾಗೆ ಕೆಂಪು, ಜೊಲ್ಲು ದಾರದಂತೆ ಇಳಿಯುತ್ತಿತ್ತು. ಕೆಳಗೆ ಬಿಟ್ಟರೆ ಕಾಲು ತೊಡರುತ್ತಿತ್ತು. ಗಾಳಿ ತಂಪಾಗಿತ್ತು ನಿಜ, ಡಾಂಬರು ತಂಪಾಗಿರಲಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಬಿಸಿ ಹೊರಗೆ ಹಾಕಬೇಕು, ಸುತ್ತಲೂ ಬಿಸಿ ಇದ್ದರೆ ಅದೂ ಸಾಲುವುದಿಲ್ಲ. ಬಚ್ಚಲಲ್ಲಿ ಮಲಗಿಸಿ ಹೊಟ್ಟೆ, ಕಂಕುಳು, ಪಾದದ ಮೇಲೆ ಗಡಿಗೆಯ ನೀರು ಸುರಿಯುತ್ತಲೇ ಇದ್ದೆವು. ಅಪ್ಪ ಟೇಬಲ್ ಫ್ಯಾನ್ ತಂದು ಹಿಡಿದರು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ನಿಲ್ಲುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದು ಪುಣ್ಯ. ಮೈ ಸ್ವಲ್ಪ ತಣಿದ ಮೇಲೆ ಆಟೋದಲ್ಲಿ ಕರೆದುಕೊಂಡು ಹೋದೆವು, ಆಗಲೂ ಜ್ವರ 104 ಡಿಗ್ರಿ ದಾಟಿತ್ತು. ಅವಕ್ಕೆ ಸಹಜ ಅಂದರೆ 101ರಿಂದ 102.5. ಗ್ಲೂಕೋಸ್ ಹಾಕಿದರು. ರಾತ್ರಿ ಹನ್ನೊಂದಕ್ಕೆ ತಲೆ ಎತ್ತಿ ಅವ್ವನ ಕೈ ನೆಕ್ಕಿದಳು. ಪಾದದ ಮೆತ್ತೆ ಎರಡು ಸುಲಿದಿದ್ದವು, ವಾಸಿಯಾಗಲು ಎರಡು ವಾರ ಬೇಕಾಯಿತು.

ಆಮೇಲೆ ಮನೆಯ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಐದಕ್ಕೆ ಒಂದು ಸಲ, ರಾತ್ರಿ ಒಂಬತ್ತೂವರೆಗೆ ಒಂದು ಸಲ. ಹೋಗುವ ಮುಂಚೆ ಅಂಗೈಯ ಹಿಂಭಾಗ ರಸ್ತೆಗೆ ಒತ್ತಿ ಏಳು ಎಣಿಸುತ್ತೇನೆ, ನನಗೆ ಸುಟ್ಟರೆ ಅವಳಿಗೂ ಸುಡುತ್ತದೆ, ವಾಪಸ್. ಹಗಲಲ್ಲಿ ಕೂಲರ್ ಇರುವ ಕೋಣೆ, ಪರ್ಸಿ ನೆಲ, ಮೂರು ಕಡೆ ಮಣ್ಣಿನ ಬೋಗುಣಿಯಲ್ಲಿ ನೀರು. ಕರೆಂಟ್ ಹೋದರೆ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟೋದು. ಹಗಲಲ್ಲಿ ಓಡಿಸೋದು ಬಿಟ್ಟೆವು, ಬದಲಿಗೆ ಮೂಗಿನ ಕೆಲಸ ಕೊಟ್ಟೆವು. ಹಳೆ ಟವೆಲ್ ಸುರುಳಿಯಲ್ಲಿ ಊಟದ ಕಾಳು ಬಚ್ಚಿಟ್ಟರೆ ಅರ್ಧ ಗಂಟೆ ಹುಡುಕುತ್ತಾಳೆ, ಒಂದು ಮೈಲಿ ನಡೆದಷ್ಟು ಸುಸ್ತಾಗಿ ಮಲಗುತ್ತಾಳೆ.

ಮಳೆ ಬಂದ ಮೇಲೆ ಉಣ್ಣಿ. ಜುಲೈನಲ್ಲಿ ಎರಡು ದಿನ ಊಟ ಬಿಟ್ಟಳು, ಒಸಡು ಬಿಳಚಿಕೊಂಡಿತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿದ್ದವು, ಉಣ್ಣಿ ಜ್ವರ. ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ, ಹೊಟ್ಟೆ ತುಂಬ ಉಂಡ ಮೇಲೆ. ಮೂರನೇ ದಿನಕ್ಕೇ ಚುರುಕಾದಳು, ಆದರೂ ಮಧ್ಯೆ ನಿಲ್ಲಿಸಲಿಲ್ಲ. ಈಗ ತಿಂಗಳಿಗೊಮ್ಮೆ ಉಣ್ಣಿ ಔಷಧಿ ತಪ್ಪಿಸುವುದಿಲ್ಲ, ರಾತ್ರಿ ಬಾಚುವಾಗ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಬೆರಳಾಡಿಸಿ ನೋಡುತ್ತೇನೆ. ದಿನಾ ಬಾಚದಿದ್ದರೆ ಅಷ್ಟು ದಟ್ಟ ಕೂದಲಲ್ಲಿ ಉಣ್ಣಿ ಕಾಣುವುದೇ ಇಲ್ಲ.

ನೀರಿನ ನಾಯಿಗೆ ನೀರು ತೋರಿಸಬೇಕು ಅಂತ ತಮ್ಮನ ಹಟ. ದೇವಸೂಗೂರು ಹತ್ತಿರ ಕೃಷ್ಣೆಗೆ ಹೋಗೋಣ ಅಂದ. ಹೊಳೆಯಲ್ಲಿ ಮೊಸಳೆ ಇವೆ, ಬೇಡ ಅಂದರು ಅಪ್ಪ. ಕೃಷಿ ಹೊಂಡವೂ ಬೇಡ, ಪ್ಲಾಸ್ಟಿಕ್ ಹಾಸಿದ ದಂಡೆ ಹತ್ತಲಾಗದೆ ನಾಯಿಗಳೂ ಮನುಷ್ಯರೂ ಮುಳುಗುತ್ತಾರೆ. ಸೆಪ್ಟೆಂಬರ್‌ನಲ್ಲಿ ಮಾಮನ ಊರಿಗೆ ಹೋದೆವು. ಎಡದಂಡೆ ಕಾಲುವೆಯಿಂದ ಅವರ ಗದ್ದೆಗೆ ಬರುವ ಹೊಲಗಾಲುವೆ, ಮೊಣಕಾಲುದ್ದ ನೀರು. ಉದ್ದ ಹಗ್ಗ ಕಟ್ಟಿ ಬಿಟ್ಟೆವು. ದಂಡೆ ಮೇಲೆ ನಿಂತು ಮೂಸಿದಳು, ಒಂದು ಕಾಲು ಇಟ್ಟಳು, ತೆಗೆದಳು. ಅಷ್ಟರಲ್ಲಿ ಮಾಮನ ಒಂದು ಚಪ್ಪಲಿ ಜಾರಿ ನೀರಿಗೆ ಬಿತ್ತು. ಯಾರೂ ಏನೂ ಹೇಳಲಿಲ್ಲ. ಹುಗ್ಗಿ ಧುಮುಕಿ, ಕಾಲು ಬಡಿಯುತ್ತಾ ಹೋಗಿ, ಚಪ್ಪಲಿ ಹಿಡಿದು, ತಿರುಗಿ ಬಂದಳು. "ತಾ" ಅಂತ ಕೈ ಚಾಚಿದೆ. ಅಂಗೈಗೆ ಇಟ್ಟಳು. ತಿರುಗಿಸಿ ನೋಡಿದೆ, ತೊಗಲಿನ ಮೇಲೆ ಒಂದೂ ಹಲ್ಲಿನ ಗುರುತಿರಲಿಲ್ಲ.

ಮಾಮ ಚಪ್ಪಲಿ ಇಸಕೊಂಡು, ಇನ್ನೊಂದನ್ನೂ ಬಿಚ್ಚಿ ನೀರಿಗೆ ಎಸೆದರು.

ಮನೆಗೆ ಬಂದು ಕಿವಿ ಒಣಗಿಸೋದು ನನ್ನ ಕೆಲಸ. ಜೋಲು ಕಿವಿಯೊಳಗೆ ನೀರು ನಿಂತರೆ ಸೋಂಕಾಗುತ್ತದೆ, ವಾಸನೆ ಬರುತ್ತದೆ. ಅವಳು ನನ್ನ ತೊಡೆ ಮೇಲೆ ಗದ್ದ ಇಟ್ಟಿದ್ದಳು, ನಾನು ಕಿವಿ ಮಡಚಿ ಹತ್ತಿಯಿಂದ ಒರೆಸುತ್ತಿದ್ದೆ, ಅವ್ವ ಪಕ್ಕದಲ್ಲಿ ಕೂತು ಬಾಲದ ಗಂಟನ್ನು ಹಣಿಗೆ ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದಳು.